ಗುಡೂರಿನ ಮೂವತ್ತೊಂದು ತಲೆಗಳು

ನವನಗರ, ಬಾಗಲಕೋಟೆ
12 ಜನವರಿ 2025, ರವಿವಾರ

ಈ ಡೈರಿಯನ್ನು ಬೀಜದ ಕಂಪನಿಯವರು ನಮ್ಮವರ ಝರಾಕ್ಸ್ ಅಂಗಡಿಗೆ ಪುಕ್ಕಟೆ ಕೊಟ್ಟಿದ್ದಾರೆ. ಪುಟದ ಕೆಳಗೆ ಒಂದೊಂದು ಬೆಳೆಯ ಚಿತ್ರ. ಇವತ್ತಿನ ಪುಟಕ್ಕೆ ಮೆಕ್ಕೆಜೋಳದ ತೆನೆ, ಅದರ ತುದಿಗೆ ನುಣುಪಾದ ಕೂದಲು. ತೆನೆಗೂ ಕೂದಲು ಕೊಟ್ಟ ದೇವರು ನನ್ನ ಹತ್ತಿರ ಬಂದಾಗ ಮಾತ್ರ ಕೈ ಬಿಗಿ ಹಿಡಿದ.

ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತ, ‘ದಿನಚರಿ ಬರೆಯುವ ರೂಢಿ ಇಟ್ಟುಕೊಳ್ಳಿ’ ಎಂದು ಉಪದೇಶ ಮಾಡಿದ್ದೇನೆ. ನಾನು ಮಾತ್ರ ಒಂದು ಸಾಲು ಬರೆದವಳಲ್ಲ. ಈಗ ಬರೆಯುವುದಕ್ಕೆ ಕಾರಣ, ಬಾಯಿಬಿಟ್ಟು ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕು. ನನ್ನ ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ. ಬರೆದೆ ನೋಡು, ಆಕಾಶವೇನೂ ಕಳಚಿ ಬೀಳಲಿಲ್ಲ.

ಆರು ವರ್ಷದ ಹಿಂದೆ ಕಿವಿಯ ಹಿಂದೆ ಎಂಟಾಣೆ ನಾಣ್ಯದಷ್ಟಗಲ ಬಯಲಾಯಿತು. ವರ್ಷ ತುಂಬುವುದರೊಳಗೆ ತಲೆಯೆಲ್ಲ ಬಯಲು. ಹುಬ್ಬನ್ನು ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತೇನೆ. ಹುಬ್ಬಳ್ಳಿ, ಬೆಳಗಾವಿಯ ಡಾಕ್ಟರುಗಳಾಯಿತು. ಸೂಜಿ, ಮುಲಾಮು, ತುಟ್ಟಿ ಗುಳಿಗೆಗಳಾಯಿತು. ಗುಳಿಗೆ ನುಂಗುವಷ್ಟು ದಿನ ಸಣ್ಣಗೆ ಮೊಳೆತವು, ಬಿಟ್ಟ ತಿಂಗಳಿಗೆ ಬಂದ ದಾರಿಯಲ್ಲೇ ಹೋದವು. ಆನ್‌ಲೈನಿನಲ್ಲಿ ತರಿಸಿದ ವಿಗ್ಗು ನಮ್ಮ ಏಪ್ರಿಲ್ ಬಿಸಿಲಿಗೆ ಬೆವತು ಹಣೆಯ ಮೇಲೆ ಇಳಿಯಿತು. ಕೊನೆಗೆ ಕೈಹಿಡಿದದ್ದು ಸೆರಗು. ಒಳಗೆ ಹತ್ತಿಯ ಬಟ್ಟೆ ಬಿಗಿದು, ಮೇಲೆ ಸೆರಗು ಹೊದ್ದು, ಎರಡು ಪಿನ್ನು. ತಮಾಷೆ ಎಂದರೆ ಇದರಿಂದ ನನಗೆ ಊರಲ್ಲಿ ಒಳ್ಳೆಯ ಹೆಸರು ಬಂದಿದೆ. ಓಣಿಯ ಅತ್ತೆಯರು ಸೊಸೆಯಂದಿರಿಗೆ, “ಬನಶಂಕರಿ ಅಕ್ಕೋರ್ನ ನೋಡಿ ಕಲೀರಿ, ಅಷ್ಟ ಓದಿದ್ರೂ ತಲಿಮ್ಯಾಲಿನ ಸೆರಗ ಜಾರಸಿಲ್ಲ” ಎನ್ನುತ್ತಾರಂತೆ. ಆ ಸೊಸೆಯಂದಿರ ಶಾಪ ನನಗೆ ತಟ್ಟದಿದ್ದರೆ ಸಾಕು.

ಸಂಗತಿ ಗೊತ್ತಿರುವುದು ಇಬ್ಬರಿಗೆ. ಒಬ್ಬರು ನಮ್ಮವರು, ರಾಚಯ್ಯ. ಇನ್ನೊಬ್ಬಳು ಶೀಲಾ. ನಾನು ಹುನಗುಂದದಲ್ಲಿದ್ದಾಗ ಎಂಟನೆಯ ತರಗತಿಯ ಮುಂದಿನ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡುತ್ತಿದ್ದ ಹುಡುಗಿ. ಈಗ ಧಾರವಾಡದ ಒಂದು ಲ್ಯಾಬಿನಲ್ಲಿ ಇದೇ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಇವತ್ತು ಫೋನ್ ಮಾಡಿದ್ದಳು.

“ಅಕ್ಕೋರ, ಮುಲಾಮಿನ ಕೆಲಸ ಅರ್ಧಕ್ಕ ಬಂದೈತ್ರಿ. ಬರೂ ರೊಕ್ಕ ನಿಂತೈತಿ. ಅದಕ್ಕ ಮಂದಿ ಕಡಿಂದನ ಕೂಡಸಾಕತ್ತೇವಿ, ಕ್ರೌಡ್‌ಫಂಡಿಂಗ್ ಅಂತಾರಲ್ರಿ, ಅದು. ನೆಟ್‌ನ್ಯಾಗ ಒಂದ ಪೇಜ್ ಮಾಡೇವಿ. ಹೆಸರು, ಫೋಟೋ ಕೊಡೂ ಪೇಶಂಟ್ ಒಬ್ರರ ಬೇಕ್ರಿ. ಮುಖಾ ಇಲ್ಲದ ಮಂದಿ ಕೊಡೂದಿಲ್ಲ.”

ಆಗುವುದಿಲ್ಲ ಎಂದೆ. ಬೋಳಿ ಎನ್ನುವುದು ನಮ್ಮ ಕಡೆ ಬೈಗುಳ. ಗಂಡ ಸತ್ತವಳ ತಲೆ ಬೋಳಿಸುವ ಪದ್ಧತಿ ನಮ್ಮ ಬಸವಣ್ಣನ ಒಕ್ಕಲಿನಲ್ಲಿ ಇರಲಿಲ್ಲ, ಆದರೂ ಬೈಗುಳ ಮಾತ್ರ ಎಲ್ಲ ಮನೆಯೊಳಗೂ ಹೊಕ್ಕು ಕೂತಿದೆ. ಗಂಡ ಗಟ್ಟಿಮುಟ್ಟಾಗಿ ಎದುರಿಗೆ ಕೂತು ಚುರಮುರಿ ತಿನ್ನುತ್ತಿರುವಾಗ ನಾನು ಬೋಳು ತಲೆ ಜಗತ್ತಿಗೆ ತೋರಿಸುವುದೆಂತು? ಅದನ್ನೇ ಅವರಿಗೆ ಹೇಳಿದೆ.

“ಫೋಟೋದ ಕೆಳಗ ಒಂದ ಸಾಲ ಬರಸೂಣು, ಗಂಡ ಜೀವಂತ ಅದಾನ ಅಂತ,” ಎಂದರು. ಈ ಮನುಷ್ಯನಿಗೆ ಎಲ್ಲದಕ್ಕೂ ಚೇಷ್ಟೆ.

15 ಜನವರಿ, ಬುಧವಾರ

ಗುಡೂರಿನಿಂದ ರೇಣವ್ವಕ್ಕ ಫೋನ್ ಮಾಡಿದ್ದಳು. “ಸಂಕ್ರಮಣಕ್ಕೂ ಬರಲಿಲ್ಲ ನೀ. ಮೊದಲ ಎಂಟ ದಿನಾ ಇರಾಕಿ, ಈಗ ವರ್ಷಕ್ಕೊಮ್ಮೆ ಬರ್ತಿ, ಚಾ ಕುಡದು ಸಂಜಿ ಬಸ್ಸಿಗೆ ಓಡ್ತಿ. ನಮ್ಮನ್ಯಾಗ ಏನ ಮುಳ್ಳ ಅದಾವೇನು?”

ನೆಗಡಿ ಎಂದೆ. ಆರು ವರ್ಷದಲ್ಲಿ ನನಗಾದಷ್ಟು ನೆಗಡಿ ಇಡೀ ಜಿಲ್ಲೆಗೆ ಆಗಿರಲಿಕ್ಕಿಲ್ಲ.

ಅಕ್ಕನ ಮನೆಯಲ್ಲಿ ಉಳಿಯದಿರುವುದಕ್ಕೆ ಒಂದೇ ಕಾರಣ. ಉಳಿದರೆ ಬೆಳಿಗ್ಗೆ ಎದ್ದವಳೇ ಬಾಚಣಿಗೆ ಹಿಡಿದು ಬರುತ್ತಾಳೆ. ಎಂಟು ವರ್ಷ ದೊಡ್ಡವಳು. ಹಳೇ ಬಾಗಲಕೋಟೆಯ ಕಿಲ್ಲಾದ ಮನೆಯಲ್ಲಿ ಅವ್ವನಿಗೆ ಮಗ್ಗದ ಕೆಲಸ, ನನ್ನ ತಲೆ ಅಕ್ಕನ ಪಾಲು. ಪಡಸಾಲೆಯ ಮೆಟ್ಟಿಲ ಮೇಲೆ ಅವಳು, ಕೆಳಗಿನ ಮೆಟ್ಟಿಲಿಗೆ ನಾನು, ಅವಳ ಎರಡು ಮೊಣಕಾಲಿನ ನಡುವೆ ಸಿಕ್ಕಿಬಿದ್ದು ಅಲುಗಾಡುವ ಹಾಗಿಲ್ಲ. ಕುಸುಬಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನ್ನ ಜಡೆ ಸೊಂಟದ ಕೆಳಗಿತ್ತು. ಬೆಳಿಗ್ಗೆ ಜಗಳವಾಡಿದ್ದರೆ ಅವತ್ತು ಹೆಣಿಗೆ ಬಿಗಿ; ಹುಬ್ಬೇ ಮೇಲಕ್ಕೆ ಹೋಗುವಷ್ಟು ಬಿಗಿ.

ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕುತ್ತಿದ್ದಳು. ತಿಂಗಳಿಗೊಮ್ಮೆ ಓಣಿಯಲ್ಲಿ ಕೂಗು ಬರುತ್ತಿತ್ತು: “ಕೂದಲಾ... ತಲಿಗೂದಲಾ... ಕೂದಲಕ್ಕ ಪಿನ್ನಾ, ಬಲೂನಾ, ಭಾಂಡೇ!” ಅಷ್ಟೂ ಮನೆಯ ಹೆಂಗಸರು ಗೋಡೆ ಕೆದಕಿಕೊಂಡು ಹೊರಗೆ ಬರುತ್ತಿದ್ದರು. ನಮ್ಮ ಮನೆಗೆ ಮೊದಲ ಸ್ಟೀಲಿನ ತಾಟು ಬಂದದ್ದು ನನ್ನ ಮತ್ತು ಅಕ್ಕನ ಕೂದಲಿಗೆ. ಅಪ್ಪ ಅದರಲ್ಲೇ ಉಣ್ಣುತ್ತಿದ್ದ, ಯಾರ ದುಡಿಮೆ ಎಂದು ಒಮ್ಮೆಯೂ ಕೇಳಲಿಲ್ಲ.

ಆಲಮಟ್ಟಿಯ ಹಿನ್ನೀರು ಬರುವ ಮುಂಚೆ ಆ ಮನೆಯ ಬಾಗಿಲು, ತೊಲೆ, ಕಿಟಕಿ ಎಲ್ಲ ಬಿಚ್ಚಿ ನವನಗರಕ್ಕೆ ತಂದೆವು. ಗೋಡೆ ತರಲಿಕ್ಕೆ ಬರುತ್ತದೆಯೇ? ಕೊನೆಯ ತಿಂಗಳ ಉಂಡೆಗಳು ಸಂದಿಯಲ್ಲೇ ಉಳಿದಿರಬೇಕು. ಕೂದಲು ನೀರಿಗೆ ಬೇಗ ಕೊಳೆಯುವುದಿಲ್ಲವಂತೆ. ಶೀಲಾ ಹೇಳಿದ್ದಳು.

26 ಜನವರಿ, ರವಿವಾರ

ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಬರುವಷ್ಟರಲ್ಲಿ ಶೀಲಾ ಮನೆಗೆ ಬಂದಿದ್ದಳು. ಪೇಜನ್ನು ತೋರಿಸಿದಳು. ದೇಹದ ಕಾವಲಿಗಿರುವ ಕಣಗಳೇ ಕೂದಲಿನ ಬೇರನ್ನು ಕಳ್ಳ ಎಂದು ತಿಳಿದು ಬಡಿಯುತ್ತವೆ, ಈ ಮುಲಾಮು ಅವುಗಳಿಗೆ ಬುದ್ಧಿ ಹೇಳಬೇಕು, ಅಗ್ಗದಲ್ಲಿ ಸಿಗಬೇಕು. ಇಷ್ಟು ಅದರ ಸಾರ. ಎಂಟು ಲಕ್ಷ ಕೂಡಬೇಕು. ಮಾರ್ಚ್ 31ಕ್ಕೆ ಗಡುವು. ಅಷ್ಟರೊಳಗೆ ಪೂರ್ತಿ ಕೂಡದಿದ್ದರೆ ಕೂಡಿದ್ದೆಲ್ಲ ಕೊಟ್ಟವರಿಗೆ ತಿರುಗಿ ಹೋಗುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಪೇಜಿನಲ್ಲಿ ನಾಲ್ಕು ಫೋಟೋ ಇದ್ದವು. ನಾಲ್ವರೂ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದ್ದರು. ‘ಹೆಸರು ಹೇಳಲು ಇಚ್ಛಿಸದ ಗೃಹಿಣಿ’, ‘ಹೆಸರು ಹೇಳಲು ಇಚ್ಛಿಸದ ನರ್ಸ್’. ಅವರನ್ನು ಕಂಡು ನನಗೆ ಸಿಟ್ಟು ಬಂತು. ಒಬ್ಬಳಾದರೂ ಮುಖ ತೋರಿಸಬಾರದೆ ಎನ್ನಿಸಿತು. ಆಮೇಲೆ ನಾನು ಯಾವ ಮುಖದಿಂದ ಹೀಗೆ ಅನ್ನುತ್ತಿದ್ದೇನೆ ಎಂದುಕೊಂಡೆ.

ಶೀಲಾಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಅಕ್ಕ ಗುಡೂರಿನ ಮಹಿಳಾ ಸಂಘದ ಮುಂದಾಳು. ಅವಳ ಫೋನಿಗೆ ನನ್ನ ದನಿಯಲ್ಲಿ ಒಂದು ಮಾತು ಕಳಿಸಿದೆ. ಕೂದಲು ಉದುರಿದ ಹೆಣ್ಣುಮಕ್ಕಳಿಗೆ ಔಷಧ ಹುಡುಕುವ ಕೆಲಸ ನಡೆದಿದೆ, ನಿಮ್ಮ ಕೈಲಾದಷ್ಟು ಕೊಡಿ, ಪಾಪ ಅವರ ಕಷ್ಟ ದೊಡ್ಡದು, ಎಂದು. ಮೂರು ಸಲ ರೆಕಾರ್ಡ್ ಮಾಡಬೇಕಾಯಿತು. ‘ಅವರ ಕಷ್ಟ’ ಎನ್ನುವಲ್ಲಿ ‘ನಮ್ಮ ಕಷ್ಟ’ ಎಂದೇ ಬಾಯಿಗೆ ಬರುತ್ತಿತ್ತು.

9 ಫೆಬ್ರುವರಿ, ರವಿವಾರ

ಇವತ್ತಿನದು ಬರೆಯಲೇಬೇಕು.

ಹನ್ನೊಂದರ ಸುಮಾರಿಗೆ ಗುಡೂರಿನ ಚಂದವ್ವ ಬಂದಳು. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ, ಅಕ್ಕನ ಸಂಘದಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ. ಎರಡು ಕೈಗೆ ಎರಡು ಚೀಲ. “ತಗೋರಿ ಅಕ್ಕೋರ, ರೇಣವ್ವಾರು ಕಳಸ್ಯಾರ. ಸಂಘದವ್ರು ಎಲ್ಲಾರೂ ಕೊಟ್ಟೇವಿ.” ಜೋಳವೋ ಹೆಸರೋ ಕಳಿಸಿದ್ದಾರೆ, ಮಾರಿ ರೊಕ್ಕ ಮಾಡಬೇಕು ಎಂದುಕೊಂಡು ಚೀಲದ ಬಾಯಿ ಬಿಚ್ಚಿದೆ. ತುಂಬ ಕೂದಲು! ಹಾಲಿನ ಕವರಿನಲ್ಲಿ, ಪೌಡರ್ ಡಬ್ಬಿಯಲ್ಲಿ, ಮಗುವಿನ ಕಾಲುಚೀಲದಲ್ಲಿ, ಲಗ್ನಪತ್ರಿಕೆಯ ಲಕೋಟೆಯಲ್ಲಿ, ಉಂಡೆ ಉಂಡೆ ಕೂದಲು.

“ಚಂದವ್ವ, ಇದೇನಿದು? ನಾ ಕೇಳಿದ್ದು ರೊಕ್ಕ.”

“ಹಂಗ್ಯಾಕಂತೀರಿ? ಸಂಶೋಧನಾ ಕೂದಲದ್ದು. ಕೂದಲಾ ಇಲ್ಲದ ಹ್ಯಾಂಗ ಮಾಡ್ತಾರು? ಆ ಪಾಪದವರ ತಲ್ಯಾಗಂತೂ ಇಲ್ಲ. ಚೊಲೋ ಕೂದಲಾ ನೋಡಿ, ಹಾಂ, ಹಿಂಗ ಇರ್ತೈತಿ ಅಂತ ತಿಳಕೊಂಡ ತಾನ ಔಷಧಾ ಮಾಡಬೇಕು?”

ಚಂದವ್ವ ತಾನೇ ಮುಂದುವರಿಸಿದಳು: “ಮತ್ತ ರೊಕ್ಕಾ ಕೊಡಬೇಕಂದ್ರ ಮನ್ಯಾಗ ಗಂಡಸರನ್ನ ಕೇಳಬೇಕ್ರಿ. ಯಾರಿಗೆ, ಯಾಕ, ಎಷ್ಟ ಅಂತ ಹತ್ತ ಮಾತು. ಕೂದಲಾ ಕೊಡಾಕ ಯಾರ ಅಪ್ಪಣಿ ಬೇಕು? ನಮ್ಮ ತಲೀವು.”

ಮೂವತ್ತೊಂದು ಗಂಟು, ಮೂವತ್ತೊಂದು ಹೆಂಗಸರು. ಎಷ್ಟು ತಿಂಗಳಿಂದ ಕೂಡಿಟ್ಟದ್ದೋ. ಯಾರಿಗೆ ಪಿನ್ನು ಬರಬೇಕಿತ್ತೋ, ಯಾರಿಗೆ ಬೋಗುಣಿ. ಒಂದು ಗಂಟು ನೋಡಿದ ಕೂಡಲೇ ಅಕ್ಕನದೆಂದು ತಿಳಿಯಿತು: ನರೆತದ್ದು, ತುದಿಗೆ ಮದರಂಗಿಯ ಕೆಂಪು, ಅದೇ ಬೆರಳಿಗೆ ಸುತ್ತಿದ ಉಂಡೆ.

ಚಂದವ್ವ ಹೋಗುವಾಗ ಬಾಗಿಲಲ್ಲಿ ನಿಂತು, “ಅಲ್ರಿ, ಕುರಿ ಉಣ್ಣಿ ಕತ್ತರಿಸಿದ್ರ ಆರ ತಿಂಗಳಿಗೆ ಮತ್ತ ತುಂಬಕೊಂತೈತಿ. ಮನಷ್ಯಾಂದು ಯಾಕ ಬರೂದಿಲ್ಲಂತ?” ಎಂದು ಕೇಳಿದಳು. ಆರು ವರ್ಷದಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ.

10 ಫೆಬ್ರುವರಿ

ಶಾಲೆಗೆ ಹೊರಡುವ ಮೊದಲು ಚೀಲದೊಳಗೆ ಕೈ ಇಟ್ಟೆ. ಮೊಣಕೈವರೆಗೆ. ಅತ್ತುಬಿಟ್ಟೆ. ಮೊದಲನೆಯ ಪಿರಿಯಡ್ಡಿಗೆ ತಡವಾಯಿತು.

16 ಫೆಬ್ರುವರಿ, ರವಿವಾರ

ಶೀಲಾ ನಕ್ಕು ನಕ್ಕು ಸಾಕಾಗಿ, ಈ ಕೂದಲು ಲ್ಯಾಬಿಗೆ ಬರುವುದಿಲ್ಲ, ಮಾರಿ ಹಣವನ್ನು ಪೇಜಿಗೆ ಹಾಕಿ ಎಂದಳು. ನಮ್ಮವರು ಇಳಕಲ್ಲಿನ ಫರಹಾನಾಳ ನಂಬರು ಹುಡುಕಿ ತಂದರು. ಅವಳು ಓಣಿ ತಿರುಗುವವರಿಂದ ಕೂದಲು ಕೊಂಡು, ಸಿಕ್ಕು ಬಿಡಿಸಿ, ಉದ್ದಗಿಡ್ಡ ವಿಂಗಡಿಸಿ ಕೊಪ್ಪಳದ ಕಡೆಯ ವಿಗ್ಗಿನ ಕಾರಖಾನೆಗಳಿಗೆ ಕಳಿಸುತ್ತಾಳೆ.

ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಳು. ಒಂದೊಂದು ಉಂಡೆ ಬೆರಳಲ್ಲಿ ತಿಕ್ಕಿ ಹೇಳುತ್ತ ಹೋದಳು: “ಇದು ಬಾಣಂತಿದು. ಇದು ಜ್ವರಾ ಬಂದ ಎದ್ದಾಕಿದು. ಇದು ಚಿಂತಿ ಮಾಡೂ ಹೆಣಮಗಳದ ನೋಡ್ರಿ, ಬುಡಾ ಎಷ್ಟ ತೆಳ್ಳಗ ಐತಿ.” ಗುಡೂರಿನ ಅರ್ಧ ಊರಿನ ಬದುಕು ಅವಳ ಚಾಪೆಯ ಮೇಲೆ ಬಿಚ್ಚಿಕೊಂಡಿತು. ಆಮೇಲೆ ತಲೆಯೆತ್ತದೆ ಕೇಳಿದಳು: “ನಿಮ್ದ ಯಾವ್ದ್ರಿ ಅಕ್ಕೋರ ಇದರಾಗ?”

ಏನೋ ಸುಳ್ಳು ಹೇಳಬಹುದಿತ್ತು. ನೆಗಡಿಯಂಥದ್ದು. ಯಾಕೋ ಪಿನ್ನು ತೆಗೆದೆ, ಒಳಗಿನ ಬಟ್ಟೆಯನ್ನೂ ಬಿಚ್ಚಿದೆ. ಅವಳು ಹೌಹಾರಲಿಲ್ಲ. ಎದ್ದು ಬಂದು, ಕೈ ಒರೆಸಿಕೊಂಡು, ಎರಡೂ ಹಸ್ತದಲ್ಲಿ ತಲೆ ಮುಟ್ಟಿ ನೋಡಿದಳು, ಸಂತೆಯಲ್ಲಿ ಕುಂಬಳಕಾಯಿ ನೋಡಿದ ಹಾಗೆ. “ನೆತ್ತಿ ಭಾಳ ಚೊಲೋ ಐತ್ರಿ. ಒಂದ ಗಾಯಿಲ್ಲ, ಗಂಟಿಲ್ಲ. ಇದಕ್ಕ ವಿಗ್ಗ ಭಾಳ ಛಂದ ಕೂಡ್ತೈತಿ. ನೆಟ್‌ನ್ಯಾಗ ಬರೂವು ಪ್ಲಾಸ್ಟಿಕ್ಕು. ಇದ ಮಾಲಿನ್ಯಾಗ ಮಾಡಿಸಿ ಕೊಡಲೇನು? ಯಾರೂ ಗುರ್ತ ಹಿಡಿಯೂದಿಲ್ಲ.”

ಅಳತೆ ಕೊಟ್ಟೆ. ದಾರ ಹಿಡಿದು ಹಣೆಯಿಂದ ಹಿಂದಕ್ಕೆ, ಕಿವಿಯಿಂದ ಕಿವಿಗೆ ಅಳೆದಳು. ಕಳವಲ್ಲ, ಆ ಕೂದಲಿನ ಬೆಲೆಯನ್ನು ನನ್ನ ಕೈಯಿಂದ ಪೇಜಿಗೆ ಹಾಕುತ್ತೇನೆ. ಜಡೆಯೊಂದಿದ್ದರೆ ಗುಡೂರಿಗೆ ಹೋಗಿ ಎಂಟು ದಿನ ಇರಬಹುದು. ಅಕ್ಕ ಬಾಚಣಿಗೆ ತಂದರೆ ನಾನೇ ಬಾಚಿಕೊಂಡೆ ಎಂದರಾಯಿತು.

18 ಫೆಬ್ರುವರಿ

ವಿಗ್ಗಿನ ಮಾತು ತೆಗೆದರೆ ನಮ್ಮವರು ಚೇಷ್ಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಅಂಗಡಿಯ ಬಿಲ್ಲುಗಳನ್ನು ಜೋಡಿಸುತ್ತ, “ಅಕ್ಕನ ಕೂದಲಾನ ತಲಿಮ್ಯಾಲ ಹೊತಗೊಂಡು ಅಕ್ಕಗ ಸುಳ್ಳ ಹೇಳಾಕ ಹೋಗ್ತಿ?” ಎಂದರು ಅಷ್ಟೇ.

ಎರಡು ಹೊತ್ತು ಮಾತಾಡಿಸಿಲ್ಲ. ಚಟ್ನಿಗೆ ಉಪ್ಪು ಹಾಕಿಲ್ಲ. ಹಾಗೇ ತಿಂದರು.

28 ಫೆಬ್ರುವರಿ, ಶುಕ್ರವಾರ

ಫರಹಾನಾಗೆ ಫೋನ್ ಮಾಡಿ ವಿಗ್ಗು ಬೇಡ, ಅಷ್ಟನ್ನೂ ಮಾರಿಬಿಡು ಎಂದೆ. ಬೇಸಿಗೆ ಬಂತು. ಈ ಸೆಕೆಯಲ್ಲಿ ಪಾವು ಕಿಲೋ ಕೂದಲು ಹೊತ್ತುಕೊಂಡು ಎಲ್ಲಿ ತಿರುಗಲಿ? ಬೇರೆ ಕಾರಣವೇನಿಲ್ಲ.

ಅವಳು ಬಂದ ಬೆಲೆಗೆ ತನ್ನ ಲಾಭ ಇಟ್ಟುಕೊಳ್ಳದೆ ಪೂರ್ತಿ ಕಳಿಸಿದಳು. ಗುಡೂರಿನವರ ಹೆಸರಿನಲ್ಲಿ ನಾನೇ ಪೇಜಿಗೆ ತುಂಬಿದೆ.

16 ಮಾರ್ಚ್, ರವಿವಾರ

ಬಣ್ಣದ ಹಬ್ಬ. ನಮ್ಮ ಊರಿನ ಹೋಳಿ ಎಂದರೆ ಕೇಳಬೇಕೆ, ಮೂರು ದಿನ ಊರಿಗೆ ಊರೇ ಹಲಗೆ ಬಡಿತ. ಆರು ವರ್ಷದಿಂದ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಒದ್ದೆ ಸೆರಗು ತಲೆಗೆ ಅಂಟಿದರೆ ಗುಟ್ಟೆಲ್ಲ ಬಯಲು.

ಚಿಕ್ಕವಳಿದ್ದಾಗ ಕಿಲ್ಲಾದ ಓಣಿಯಲ್ಲಿ ಬಂಡಿಯ ಮೇಲೆ ಬಣ್ಣದ ಹಂಡೆ ಇಟ್ಟುಕೊಂಡು ಬರುತ್ತಿದ್ದರು. ಅಕ್ಕ ನನ್ನ ಜಡೆಯನ್ನು ತಲೆಯ ಸುತ್ತ ಸುತ್ತಿ, ಮೇಲೊಂದು ಹಳೆಯ ಟವೆಲ್ಲು ಬಿಗಿದು ಬಿಡುತ್ತಿದ್ದಳು. ಆದರೂ ವಾರವಿಡೀ ಜಡೆ ಗುಲಾಬಿ, ತಲೆ ತೊಳೆದ ನೀರೂ ಗುಲಾಬಿ. ಮಾಸ್ತರರು, ‘ಬಂತು ನೋಡ್ರಿ ಗುಲಾಬಿ ಎಕ್ಸ್‌ಪ್ರೆಸ್’ ಎನ್ನುತ್ತಿದ್ದರು. ಆ ಓಣಿಯೂ ಇಲ್ಲ, ಆ ಮಾಸ್ತರರೂ ಇಲ್ಲ.

ಇವತ್ತು ಹಾಲಿನವನು ಕೂಗಿದನೆಂದು ಬಾಗಿಲು ತೆಗೆದೆ. ಎದುರು ಮನೆಯ ರೂಬಿ ಕಾದು ಕೂತಿದ್ದಳೋ ಏನೋ, ಒಂದು ಬಕೆಟ್ ಹಸಿರು ಬಣ್ಣ ಮೈಮೇಲೆ ಸುರಿದಳು. ಇಳಕಲ್ಲ ಸೀರೆ, ಕಳೆದ ಪಂಚಮಿಗೆ ಕೊಂಡದ್ದು, ಪೂರಾ ಹಾಳು. ಆ ಹಸಿರು ಹೋಗುವ ಬಣ್ಣವಲ್ಲ. ನಿಂಬೆಹಣ್ಣು ಹಚ್ಚಿದ್ದಾಯಿತು, ಸೋಡಾ ಹಚ್ಚಿದ್ದಾಯಿತು. ರೂಬಿಯ ಬೆನ್ನ ಮೇಲೆ ಎರಡು ಗುದ್ದಿ, ಅವಳ ಬಕೆಟ್ಟನ್ನೇ ಕಸಿದುಕೊಂಡು ಅವಳಿಗೂ ಸುರಿದೆ. ಸೀರೆಯದೇ ಚಿಂತೆ; ತಲೆಯದು ನೆನಪಾದದ್ದು ಒಳಗೆ ಬಂದ ಮೇಲೆ, ಪುಣ್ಯಕ್ಕೆ ಒಳಗಿನ ಬಟ್ಟೆ ಜಾರಿರಲಿಲ್ಲ.

19 ಮಾರ್ಚ್

ಪೇಜು ನಾಲ್ಕೂವರೆ ಲಕ್ಷದಲ್ಲಿ ನಿಂತಿದೆ. ಹನ್ನೆರಡು ದಿನ ಉಳಿದಿವೆ. ಶೀಲಾ ಫೋನ್ ಮಾಡಿ ಹವಾಮಾನದ ಮಾತಾಡಿದಳು, ನಮ್ಮವರ ಮೊಣಕಾಲು ನೋವು ಕೇಳಿದಳು, ಇಟ್ಟಳು. ಫೋಟೋ ಕೊಡಿರಿ ಎಂದು ಇನ್ನೊಮ್ಮೆ ಕೇಳಬಾರದೆ? ಎಂಟನೆಯ ತರಗತಿಯಲ್ಲಿ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಿದ್ದವಳಿಗೆ ಈಗ ಏನು ರೋಗ? ಕೇಳದಿದ್ದರೆ ನಾನು ಹೇಗೆ ಕೊಡಲಿ?

ಕೊಡುವುದಾದರೂ ಅಕ್ಕ ಅದನ್ನು ಫೋನಿನಲ್ಲಿ ನೋಡುವ ಹಾಗಾಗಬಾರದು. ಮೊದಲು ಅವಳಿಗೆ ಹೇಳಬೇಕು.

23 ಮಾರ್ಚ್, ರವಿವಾರ

ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಗುಡೂರಿನ ಬಸ್ಸು ಹತ್ತಿದೆ. ಅಕ್ಕನಿಗೆ ಒಬ್ಬಳಿಗೇ ಹೇಳಬೇಕು, ಅಡುಗೆಮನೆಯಲ್ಲಿ, ಮೆಲ್ಲಗೆ, ಎಂದೆಲ್ಲ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೋದರೆ ಅಂಗಳದ ತುಂಬ ಸಂಘದ ಹೆಂಗಸರು. ಅಕ್ಕೋರು ಬರುತ್ತಾರೆಂದು, ತಮ್ಮ ಕೂದಲು ಏನಾಯಿತು ಎಂದು ಕೇಳಲು ಬಂದಿದ್ದರು.

ಮಾರಿದ್ದನ್ನು ಹೇಳಿದೆ. ಕೆಲವರು ಪೆಚ್ಚಾದರು. ತಮ್ಮ ಕೂದಲು ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದೆಂದು ತಿಳಿದಿದ್ದರು ಪಾಪ. ಚಂದವ್ವ ಕೇಳಿದಳು: “ಅಕ್ಕೋರ, ಆ ರೋಗದವ್ರನ್ನ ನೀವ ಕಂಡೀರೇನು? ಖರೇನ ಇರ್ತಾರ ಅಂಥಾವ್ರು?”

ಜೋಡಿಸಿಕೊಂಡ ಮಾತನ್ನೆಲ್ಲ ಬಿಟ್ಟು ಪಿನ್ನು ತೆಗೆದೆ. ಎರಡನೆಯ ಪಿನ್ನು ಬಟ್ಟೆಗೆ ಸಿಕ್ಕಿಕೊಂಡಿತು, ಎಳೆದೆ. ಸೆರಗು, ಬಟ್ಟೆ ಎರಡೂ ಹೆಗಲಿಗೆ ಬಿದ್ದವು. ಹಿರಿಯಳಾದ ಸಿದ್ದಲಿಂಗವ್ವ ಮುಖ ತಿರುಗಿಸಿ, “ಶಿವಶಿವಾ, ಗಂಡ ಇದ್ದಾಕಿ...” ಎಂದಳು.

“ಬಾಯಿ ಮುಚ್ಚಬೇ ಮುದುಕಿ!” ಅಕ್ಕ ಎದ್ದೇ ಬಿಟ್ಟಳು. ಅದು ಸಿದ್ದಲಿಂಗವ್ವನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ಕನಿಕರಪಡುತ್ತಾಳೆ ಎಂದುಕೊಂಡಿದ್ದೆ. ಎದೆ ಬಡಿದುಕೊಂಡು ಅಳುತ್ತಾಳೆ ಎಂದೂ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

“ಎಷ್ಟ ವರ್ಷಾತು?”

“ಆರು.”

“ಆರ ವರ್ಷ. ಆರ ವರ್ಷ ನಾ ಏನ್ ತಪ್ಪ ಮಾಡಿದ್ನೋ, ಏನ್ ಮಾತ ಅಂದಿದ್ನೋ ಅಂತ ಕೊರಗೇನಿ ಬನಶಿ. ನಿನ್ನ ಗಂಡಗ ಫೋನ್ ಹಚ್ಚಿ ಕೇಳೇನಿ, ನನ್ನ ಮ್ಯಾಲ ಸಿಟ್ಟ ಐತೇನು ಆಕಿಗೆ ಅಂತ.” ನನ್ನ ರಟ್ಟೆ ಹಿಡಿದು ಅಲುಗಿಸಿದಳು. “ಕೂದಲಾ ಹೋದ್ರ ಹೋದುವು. ನೀ ಯಾಕ ಹೋದಿ?”

ಆ ಪ್ರಶ್ನೆಯನ್ನು ಈ ಪುಟದ ಮೇಲೆ ಬರೆದು ಮತ್ತೆ ಮತ್ತೆ ಓದುತ್ತಿದ್ದೇನೆ.

ಊಟಕ್ಕೆ ಕೂರಿಸಿದಳು. ರೊಟ್ಟಿಯ ಮೇಲೆ ತುಪ್ಪ ಹರಿಯುವಷ್ಟು ಹಾಕಿದಳು. ಅವಳ ಸಿಟ್ಟೇ ಹಾಗೆ, ಮೊದಲಿನಿಂದಲೂ. ಸಂಜೆ ಬಸ್ಸಿಗೆ ಹೊರಟರೆ ಬಾಗಿಲಿಗೂ ಬರಲಿಲ್ಲ.

25 ಮಾರ್ಚ್

ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ನೀಲಿ ಪರದೆಯ ಮುಂದೆ ಕೂತೆ. ನಮ್ಮವರು ಹದಿನಾಲ್ಕು ತೆಗೆದರು. ಎಲ್ಲದರಲ್ಲೂ ಕಿವಿ ದೊಡ್ಡದಾಗಿ ಕಾಣುತ್ತದೆ. ನನ್ನ ಕಿವಿ ಅಪ್ಪನ ಕಿವಿಯಂತೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹೆಸರು, ಊರು, ಕೆಲಸ ಎಲ್ಲ ಬರೆದು ಶೀಲಾಗೆ ಕಳಿಸಿದೆ. ಇವತ್ತೇ ಪೇಜಿಗೆ ಹಾಕುತ್ತೇನೆ ಎಂದು ಅವಳು ಕೂಡಲೇ ತಿರುಗಿ ಬರೆದಳು.

27 ಮಾರ್ಚ್

ಶಾಲೆಯಲ್ಲಿ ಎಲ್ಲರೂ ನೋಡಿದ್ದಾರೆ. ಹೆಡ್ ಮಾಸ್ತರರು ಮಾತಾಡುವಾಗ ನನ್ನ ಹಣೆಯ ಮೇಲಿನ ಜಾಗ ಬಿಟ್ಟು ಬೇರೆಲ್ಲ ಕಡೆ ನೋಡಿದರು. ಒಂಬತ್ತನೆಯ ತರಗತಿಯ ಒಬ್ಬಳು ಬಂದು, ತನ್ನ ಚಿಕ್ಕಮ್ಮನಿಗೂ ಹೀಗೇ ಆಗಿದೆ, ಮನೆಯಿಂದ ಹೊರಗೆ ಬರುವುದಿಲ್ಲ, ನಿಮ್ಮ ಫೋಟೋ ತೋರಿಸಲೇ ಎಂದು ಕೇಳಿದಳು. ತೋರಿಸು ಎಂದೆ. ಓಣಿಯ ಅತ್ತೆಯರು ಸೊಸೆಯಂದಿರಿಗೆ ಇನ್ನು ಬೇರೆ ಯಾರನ್ನಾದರೂ ಹುಡುಕಬೇಕು.

1 ಏಪ್ರಿಲ್, ಮಂಗಳವಾರ

ಕೂಡಲಿಲ್ಲ. ಕೊನೆಯ ವಾರ ಓಡಿತು, ಆದರೂ ಆರು ಲಕ್ಷ ತೊಂಬತ್ತು ಸಾವಿರಕ್ಕೆ ನಿಂತಿತು. ರಾತ್ರಿಯೇ ಪೇಜು ಮುಚ್ಚಿತು. ಬೆಳಿಗ್ಗೆ ಶೀಲಾ ಅತ್ತಳು. ನಾನು ತಡಮಾಡಿದೆ. ಜನವರಿಯಲ್ಲಿ ಕೇಳಿದ್ದನ್ನು ಮಾರ್ಚಿನಲ್ಲಿ ಕೊಟ್ಟೆ. ಅದನ್ನು ಅವಳಿಗೆ ಹೇಳಿದೆ. “ಹಂಗ ಅನಬ್ಯಾಡ್ರಿ. ಜೂನಿನ್ಯಾಗ ಮತ್ತ ಹೊಸಾ ಪೇಜ್ ಮಾಡ್ತೇನಿ. ಈ ಸಲ ಮೊದಲನೇ ದಿನದಿಂದ ನಿಮ್ಮ ಮುಖಾ ಇರ್ತೈತಿ,” ಎಂದಳು.

ಎಲ್ಲರ ಹಣ ಎಲ್ಲರಿಗೆ ತಿರುಗಿ ಬರುತ್ತದೆ. ಗುಡೂರಿನವರದು ನನ್ನ ಖಾತೆಗೆ ಬಂದಿದೆ. ಅದನ್ನು ಅವರ ಕೈಗೆ ಕೊಡಬೇಕು. ಅಕ್ಕ ಇನ್ನೂ ಫೋನ್ ಮಾಡಿಲ್ಲ.

6 ಏಪ್ರಿಲ್, ರವಿವಾರ
ಗುಡೂರು

ಬಸ್ಸಿನ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಿಸಿಲು ಸೆರಗಿಲ್ಲದ ನೆತ್ತಿಯ ಮೇಲೆ ಚುರುಗುಟ್ಟಿ ಕೆಂಪಗಾಗಿದೆ, ಮುಟ್ಟಿದರೆ ಉರಿ. ಇನ್ನು ಮೇಲೆ ಛತ್ರಿ ಮರೆಯಬಾರದು.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಚೀಲ ಕಸಿದುಕೊಂಡು, ಒಳಗೆ ಎರಡು ಜೊತೆ ಬಟ್ಟೆ ಇವೆಯೇ ಎಂದು ಕೈ ಹಾಕಿ ಹುಡುಕಿದಳು. ಇದ್ದವು. ಆಮೇಲೆ ಒಳಗೆ ಬಾ ಎಂದಳು.

ಊಟವಾದ ಮೇಲೆ ಅಂಗಳದಲ್ಲಿ ಸಂಘ ಸೇರಿತು. ಸಿದ್ದಲಿಂಗವ್ವನೂ ಬಂದಿದ್ದಳು, ಮುಖ ಗಂಟಿಕ್ಕಿಕೊಂಡೇ, ಆದರೆ ಮುಂದಿನ ಸಾಲಿನಲ್ಲಿ. ಹಣ ತಿರುಗಿ ಬಂದಿದೆ, ನಿಮ್ಮ ನಿಮ್ಮ ಪಾಲು ತೆಗೆದುಕೊಳ್ಳಿ ಎಂದೆ. ಯಾರ ಪಾಲು ಎಷ್ಟು? ಯಾರ ಕೂದಲು ಎಷ್ಟು ತೂಗಿತೆಂದು ಯಾರು ಬರೆದಿಟ್ಟಿದ್ದಾರೆ? ಚಂದವ್ವ, “ಅದನ್ನ ಹಂಚಾಕ ಬರೂದಿಲ್ಲ ತಗೋರಿ. ಮತ್ತ ಆ ಪೇಜಿಗೇ ಹಾಕ್ರಿ. ಜೂನಿನ ಮಟ್ಟ ಇನ್ನಷ್ಟ ಉದುರತಾವು, ಅವನ್ನೂ ಕೊಡ್ತೇವಿ. ನಾವೇನ ಅಷ್ಟಕ್ಕ ಬೋಳ ಆಗ್ತೇವೇನು?” ಎಂದುಬಿಟ್ಟಳು.

ಅಂದ ಮೇಲೆ ಅವಳಿಗೇ ಗೊತ್ತಾಯಿತು. ಸೆರಗಿನ ತುದಿ ಬಾಯಿಗೆ ಹೋಯಿತು. ಎಲ್ಲರೂ ನೆಲ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕೆ ಹಿಡಿದುಕೊಂಡು ನಕ್ಕೆ. ಮೊದಲು ಅಕ್ಕ ಸೇರಿದಳು, ಆಮೇಲೆ ಚಂದವ್ವ, ಆಮೇಲೆ ಎಲ್ಲರೂ. ಸಿದ್ದಲಿಂಗವ್ವ ಮಾತ್ರ, “ನಗಬ್ಯಾಡ್ರೇ, ಖೋಡಿಗೋಳು” ಎನ್ನುತ್ತ ಬಾಯಿ ಮುಚ್ಚಿಕೊಂಡಳು.

ಶೀಲಾಗೆ ಫೋನ್ ಹಚ್ಚಿದೆ. ಹೊಸ ಪೇಜಿಗೆ ಮೊದಲ ಕಾಣಿಕೆ ಗುಡೂರಿನದೇ ಇರಲಿ, ಆದರೆ ಕೊಟ್ಟವರ ಹೆಸರಿನ ಜಾಗದಲ್ಲಿ ಏನು ಹಾಕಲಿ, ಬರೆದು ಕಳಿಸಿರಿ ಎಂದಳು. ಮೂವತ್ತೊಂದು ಹೆಸರು ಆ ಜಾಗದಲ್ಲಿ ಹಿಡಿಯುವುದಿಲ್ಲವಂತೆ.

“ಗುಡೂರಿನ ಮೂವತ್ತೊಂದ ತಲಿ ಅಂತ ಬರೀರಿ, ಮುಗೀತು,” ಎಂದಳು ಚಂದವ್ವ.

ಎಲ್ಲರಿಗೂ ಸರಿಯೆನಿಸಿತು. ಫೋನಿನಲ್ಲಿ ಬರೆಯತೊಡಗಿದೆ. ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ಮೂವತ್ತೆರಡ ಬರಿ.”

“ಯಾರಕ್ಕ ಇನ್ನೊಬ್ರು? ಕೊಟ್ಟವ್ರು ಮೂವತ್ತೊಂದ ಮಂದಿ.”

“ನೀ.”

“ನಾ ಏನ್ ಕೊಟ್ಟೇನಿ? ನನ್ನ ಕಡೆ ಕೂದಲಾ ಎಲ್ಲದಾವು?”

“ಕೂದಲಾ ಯಾರ ಎಣಸಾಕತ್ತಾರು?” ಎಂದಳು ಅಕ್ಕ. “ತಲಿ ಎಣಸಾಕತ್ತೇವಿ. ನಿಂದೂ ತಲೀನ ಅಲ್ಲೇನು?”

ಮೂವತ್ತೆರಡು ಎಂದು ತಿದ್ದಿ ಕಳಿಸಿದೆ.